ಪಾಲು

ಬೋಸ್ಟನ್. ಅಮೆರಿಕದ್ದಲ್ಲ,
ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ ಕೋಸು ಬೆಳೆವ ಊರು.
ಇಗರ್ಜಿಯ ಗೋಪುರ ಬಿಟ್ಟರೆ ಎತ್ತರದ್ದೇನೂ ಇಲ್ಲ.
ಬೆಳಗಿನ ನಾಲ್ಕೂ ನಲವತ್ತಕ್ಕೆ ವ್ಯಾನು,
ನನ್ನ ಪಕ್ಕದ ಸೀಟು ಅಲ್ದೋನಳದು.

ಬೆಲ್ಟಿನ ಮೇಲೆ ಹೂಕೋಸು, ಸಾಲು ಸಾಲು.
ಅವಳು ಎಲೆ ಸವರುತ್ತಾಳೆ, ನಾನು ಲೇಬಲ್ ಅಂಟಿಸುತ್ತೇನೆ.
ಒಂದು ದಿನ, ಕತ್ತಿ ನಿಲ್ಲಿಸದೆ,
ನನ್ನಷ್ಟೇ ಹರಕು ಇಂಗ್ಲಿಷಿನಲ್ಲಿ ಹೇಳಿದಳು:
"ನಾನೊಂದು ಕಾರ್ಖಾನೆಯ ಒಡತಿಯಾಗಿದ್ದೆ.
ಎರಡು ಸಲ."

ಮೊದಲ ಸಲ ಎಲ್ಲರ ಜೊತೆ.
ಲಿಥುವೇನಿಯಾದ ಸಣ್ಣ ಊರು, ಬಲ್ಬಿನ ಕಾರ್ಖಾನೆ,
ಗೇಟಿನ ಮೇಲೆ ಕೆಂಪಕ್ಷರ: ಇದು ಜನರದ್ದು.
ಜನರದ್ದು ಅಂದರೆ ಯಾರದ್ದೂ ಅಲ್ಲ
ಅಂತ ಗೊತ್ತಿದ್ದ ಜನ
ಸಂಜೆ ಅಂಗಿಯೊಳಗೊಂದು ಬಲ್ಬು ಇಟ್ಟುಕೊಂಡು
ಕಾವಲುಗಾರನಿಗೆ ನಮಸ್ಕಾರ ಹೇಳಿ ಹೋಗುತ್ತಿದ್ದರು.
ಅವನ ಅಂಗಿಯೊಳಗೆ ಎರಡು.

ಎರಡನೆಯ ಸಲ ಕಾಗದದಲ್ಲಿ.
ತೊಂಬತ್ತೊಂದರಲ್ಲೋ ಎರಡರಲ್ಲೋ
ಸರಕಾರ ಎಲ್ಲರ ಹೆಸರಿಗೂ ಚೆಕ್ಕು ಬರೆಯಿತು:
ಗೇಟು, ಕುಲುಮೆ, ಚಿಮಣಿ, ಕ್ಯಾಂಟೀನಿನ ಚಮಚ ಸಮೇತ
ಇಷ್ಟು ನಿನಗೆ.
ನಮ್ಮಲ್ಲಿ ಇದಕ್ಕೊಂದು ಮಾತಿದೆ ಎಂದೆ,
ಪಾಲಿಗೆ ಬಂದದ್ದು ಪಂಚಾಮೃತ.
ಹಾಗಂದರೆ?
ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಬೆರಳು ಮಡಿಸಿದೆ.
"ಆ ಚಳಿಗಾಲ ಐದರಲ್ಲಿ ಒಂದೂ ಇರಲಿಲ್ಲ," ಅಂದಳು.
"ಅಂಗಡಿ ತುಂಬ ಉಪ್ಪಿತ್ತು."

ಆಮೇಲೆ ದುಡ್ಡೂ ನಿಂತಿತು,
ಮೂರು ತಿಂಗಳು ಸಂಬಳದ ಬದಲು ಬಲ್ಬು.
ತಲೆಗೆ ನಾನೂರು.
ಇಡೀ ಊರು ಹೆದ್ದಾರಿಯ ಪಕ್ಕ ಹಿಮದಲ್ಲಿ
ಬಲ್ಬು ಹರವಿಕೊಂಡು ಕೂತಿತು.
ಕೊಳ್ಳುವವರು ಯಾರು, ಎಲ್ಲರ ಮಡಿಲಲ್ಲೂ ಅದೇ;
ಮನೆಗೆ ಬಂದರೆ ಕರೆಂಟಿಲ್ಲ.
"ನಾನು ಅಲ್ಲಿ ಲೆಕ್ಕ ಬರೆಯುವವಳು.
ನನಗೂ ಈ ಲೆಕ್ಕ ಬಿಡಿಸಲಾಗಲಿಲ್ಲ."

ಚೆಕ್ಕನ್ನು ಕೊನೆಗೆ ಫೋರ್‌ಮನ್ ವೀತಾವ್ತಸ್ ಕೊಂಡ,
ಒಂದು ಜೊತೆ ಬೂಟು ಕೊಟ್ಟು, ಮಗಳ ಕಾಲಿನದ್ದು.
ಓಣಿಯ ಎಲ್ಲ ಚೆಕ್ಕೂ ಅವನೇ ಕೊಂಡ.
ಕಾರ್ಖಾನೆ ಅವನ ಪಾಲಾಯಿತು,
ಆಮೇಲೆ ಬ್ಯಾಂಕಿನ ಪಾಲು, ಕುಲುಮೆ ಗುಜರಿಯ ಪಾಲು,
ಊರಿನ ಅರ್ಧ ಈ ಕೋಸಿನ ಪಾಲು.
ಎಷ್ಟು ಕಡೆ ಹೊರಳುತ್ತದೆ ನಮ್ಮ ಈ ಮಾತು!
ಒತ್ತಿ ಹೇಳಿದರೆ ಹಕ್ಕು,
ನಾಲಿಗೆ ಜಾರಿದರೆ ನೀರುಪಾಲು.
"ಬೂಟು ಚೆನ್ನಾಗಿತ್ತು," ಎಂದಳು. "ಎರಡು ವರ್ಷ ಬಂತು."

ದಾವಣಗೆರೆಯ ಮಿಲ್ಲು ನೆನಪಾಯಿತು ನನಗೆ,
ಬೀಗ ಬಿದ್ದ ಮೇಲೂ
ಸೈರನ್ನಿನ ಹೊತ್ತಿಗೆ ಎದ್ದು ಕೂರುತ್ತಿದ್ದ ಸೋದರಮಾವ.
ಹೇಳಲಿಲ್ಲ. ಅದು ಬೇರೆ ಕಥೆ.
ಅದು ನಿಮ್ಮದು ಅಂತ
ನಮಗೆ ಯಾರೂ ಬೋರ್ಡು ಹಾಕಿರಲಿಲ್ಲ.

ಅವಳ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಒಂದು ಬಲ್ಬಿದೆ,
ನಾನೂರರಲ್ಲಿ ಉಳಿದದ್ದು, ಕಾಲುಚೀಲದಲ್ಲಿ ಸುತ್ತಿ ತಂದದ್ದು.
ತಿರುಪಿನ ಬುಡ. ಇಲ್ಲಿನ ಹೋಲ್ಡರಿಗೆ ಕೂರುವುದಿಲ್ಲ.
ಇಲ್ಲಿನದು ನಮ್ಮೂರಿನ ಹಾಗೆ, ಎರಡು ಕಿವಿ,
ಒತ್ತಿ ತಿರುಗಿಸಬೇಕು;
ಇವರು ನಮ್ಮಲ್ಲಿ ಬಿಟ್ಟುಬಂದದ್ದರಲ್ಲಿ ಅದೂ ಒಂದು.

ಶನಿವಾರ ಪೌಂಡಿನಂಗಡಿಯಲ್ಲಿ
ಅದನ್ನು ಇದಕ್ಕೆ ಹೊಂದಿಸುವ ಪ್ಲಾಸ್ಟಿಕ್ ಬುಡ ಕಂಡೆ,
ಕೊಂಡು ಕೊಟ್ಟೆ.
ಅಂಗೈಯಲ್ಲಿ ತೂಗಿದಳು, ಬೆಲೆಚೀಟಿ ಓದಿದಳು.
"ಹತ್ತದಿದ್ದರೆ?" ಎಂದೆ ನಾನೇ, ನಗುತ್ತ.
"ಹತ್ತಿಬಿಟ್ಟರೆ?" ಎಂದಳು,
ತಿರುಗಿ ನನ್ನ ಜೇಬಿಗೇ ಹಾಕಿದಳು.

ಸೋಮವಾರ, ನಾಲ್ಕೂ ನಲವತ್ತು. ಮಂಜು.
ವ್ಯಾನಿನಲ್ಲಿ ಹೊಸಬನೊಬ್ಬ, ರೊಮೇನಿಯಾದವನಂತೆ,
ಬುತ್ತಿಯನ್ನು ಎದೆಗವುಚಿ ನಿಂತಿದ್ದ.
ಅಲ್ದೋನ ನನ್ನ ಕಡೆ ಸರಿದು ಜಾಗ ಮಾಡಿದಳು.
ಜೇಬಿನ ಬುಡ ತೊಡೆಗೆ ಒತ್ತುತ್ತಿತ್ತು,
ದಾರಿಯುದ್ದಕ್ಕೂ.